ಕುಸುಬಿ ಎಣ್ಣೆಯ ತೈಲಚಿತ್ರ

ಜಮಖಂಡಿಯ ಕಾಲೇಜಿನ ಆಫೀಸಿನಲ್ಲಿ ಹಾಜರಿ ಪುಸ್ತಕ ತಿದ್ದಿದ್ದು ಸಾಕು, ಇನ್ನು ಮುಂದೆ ನಾನೊಬ್ಬ ಕಲಾವಿದ ಎಂದು 2008ರ ಬೇಸಿಗೆಯಲ್ಲಿ ಘೋಷಿಸಿಬಿಟ್ಟೆ. ಅದೂ ಎಂಥ ಕಲಾವಿದ! ಇಂಪ್ರೆಷನಿಸ್ಟ್! ಹತ್ತು ದಿನದ ಶಿಬಿರದಲ್ಲಿ ಡ್ರಾಯಿಂಗ್ ಮಾಸ್ತರರು ಹೇಳಿಕೊಟ್ಟಿದ್ದರು: ಗೆರೆ ಎಳೆಯಬಾರದು, ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಮೆತ್ತಬೇಕು, ಹತ್ತಿರದಿಂದ ಏನೂ ತಿಳಿಯದಿದ್ದರೂ ದೂರದಿಂದ ಎಲ್ಲ ಕಾಣಬೇಕು. ಗೆರೆ ಎಳೆಯಲು ಬಾರದ ನನಗೆ ಇದಕ್ಕಿಂತ ಒಳ್ಳೆಯ ಶೈಲಿ ಎಲ್ಲಿ ಸಿಗಬೇಕು?

ಚಿತ್ರಕ್ಕೆ ಆರಿಸಿಕೊಂಡದ್ದು ಗಲಗಲಿಯ ಹೊಳೆದಂಡೆಯನ್ನು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲು ನನ್ನ ಮಾವ ಜಕ್ಕಪ್ಪ ಕುರಿ ಮೇಯಿಸುತ್ತಿದ್ದ ಜಾಗ ಅದು. ಸೋಮವಾರ ನಮ್ಮ ಮನೆಯಲ್ಲಿ ಬೀರೇಶ್ವರನ, ಮಾವನ ಬಾಯಲ್ಲಿ ಬೀರಪ್ಪನ, ಪೂಜೆ. ದೇವರಿಗೆ ಗದ್ದಿಗೆ ಹಾಸಲು ತಮ್ಮ ಕರಿ ಕಂಬಳಿ ಹೊತ್ತು ಮಾವ ರವಿವಾರವೇ ಬರುವವರಿದ್ದರು. ಅವರಿಂದ ಒಂದು ಭೇಷ್ ಅನ್ನಿಸಿಕೊಳ್ಳಬೇಕೆಂಬುದು ನನ್ನ ಆಸೆ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅದು ದಕ್ಕಿರಲಿಲ್ಲ.

ಬಣ್ಣಕ್ಕೆ ಅಗಸಿ ಎಣ್ಣೆ ಬೆರೆಸಿ ಎಂದಿದ್ದರು ಮಾಸ್ತರರು. ತಂದಿದ್ದ ಪುಟ್ಟ ಶೀಶೆ ಆಕಾಶಕ್ಕೇ ಮುಗಿದುಹೋಯಿತು. ಎಣ್ಣೆ ಯಾವುದಾದರೇನು ಎಂದು ಅಡುಗೆಮನೆಯ ಗಾಣದ ಕುಸುಬಿ ಎಣ್ಣೆಯನ್ನು ಧಾರಾಳವಾಗಿ ಸುರಿದೆ. ಹೊಳೆ ಫಳಫಳ ಹೊಳೆಯಿತು. ಆದರೆ ವಾರವಾದರೂ ಒಣಗಲಿಲ್ಲ. ಬಿಸಿಲಿಗಿಟ್ಟೆ, ಫ್ಯಾನಿನ ಕೆಳಗಿಟ್ಟೆ, ಊಟದ ಬಿಡುವಿನಲ್ಲಿ ಆಫೀಸಿನಿಂದ ಓಡಿಬಂದು ಮುಟ್ಟಿ ನೋಡಿದೆ. ಮುಟ್ಟಿದಾಗೊಮ್ಮೆ ಬೆರಳಿಗೆ ಒಂದು ಕುರಿ ಅಂಟಿಕೊಂಡು ಬರುತ್ತಿತ್ತು. ರಾತ್ರಿ ನಿದ್ದೆಯಿಲ್ಲ.

"ಒಂದಿಷ್ಟು ಸಾಸಿವಿ ಸಿಡಿಸ್ರಿ, ಊಟಕ್ಕರೆ ಆಗತೈತಿ," ಎಂದಳು ಹೆಂಡತಿ ಶೈಲಾ.

ರವಿವಾರ ಬಂದೇ ಬಿಟ್ಟಿತು. ಪಡಸಾಲೆಯ ಗೋಡೆಗಿದ್ದದ್ದು ಒಂದೇ ಮೊಳೆ, ಅದೂ ಹೊರಸಿನ ಮಂಚದ ಹಿಂದೆ, ಕೂತವರ ಬೆನ್ನಿನ ಮಟ್ಟಕ್ಕೆ. ಅಲ್ಲೇ ಚಿತ್ರ ತೂಗುಹಾಕಿದೆ. ಮಾವ ಬಂದವರು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಗ್ವಾಡಿಗೆ ಬೂಷ್ಟ ಬಂದೈತೇನ್ರಿ ಅಳ್ಯಾರ?"

ದೂರದಿಂದ ನೋಡಬೇಕು ಎಂದು ಅಂಗಲಾಚಿದೆ. ಬಾಗಿಲತನಕ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದರು. "ಹೌದ್ರಿ, ಇಲ್ಲಿಂದ ಕಡಿಮಿ ಕಾಣತೈತಿ," ಎಂದರು.

ಮುಖ ಸಣ್ಣದು ಮಾಡಿಕೊಂಡು ಚಹಾ ತರಲು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಮಾವ ಕಂಬಳಿ ಹೊದ್ದು, ಹೊರಸಿನ ಮೇಲೆ ಕೂತು, ನನ್ನ ಹೊಳೆಗೆ ಆರಾಮಾಗಿ ಒರಗಿ ಗೊರಕೆ ಹೊಡೆಯುತ್ತಿದ್ದರು! ನಾನು ಲೋಟ ಹಿಡಿದು ನಿಂತಲ್ಲೇ ನಿಂತೆ. ಅವರು ನಿದ್ದೆಗಣ್ಣಿನಲ್ಲಿ ಪಕ್ಕಕ್ಕೆ ಹೊರಳಿದರು. ಕಂಬಳಿ ಮಾತ್ರ ಚಿತ್ರಕ್ಕೆ ಅಂಟಿಕೊಂಡು ಅಲ್ಲೇ ಉಳಿಯಿತು.

ಅದು ಅವರಪ್ಪನ ಕಾಲದ ಕಂಬಳಿ. ಅದರ ಮೇಲಲ್ಲದೆ ಅವರ ಮನೆಯ ದೇವರು ಕೂತಿದ್ದಿಲ್ಲ. ಸೋಪು ಹಚ್ಚುವಂತಿಲ್ಲ, ಸೀಮೆಎಣ್ಣೆಯ ಮಾತೇ ಇಲ್ಲ. ಬೆಳಗಾದರೆ ಪೂಜೆ. ಶೈಲಾ ತುಟಿ ಬಿಗಿಹಿಡಿದು ಅದನ್ನು ಮೆಲ್ಲಗೆ ಕಿತ್ತು, ಅಂಗಳದ ಹಗ್ಗದ ಮೇಲೆ ಹರವಿದಳು. ಬಣ್ಣವೆಲ್ಲ ಕಂಬಳಿಗೆ ಹೋಗಿತ್ತು, ನನ್ನ ಕ್ಯಾನ್ವಾಸಿನಲ್ಲಿ ಉಳಿದದ್ದು ಒಂದಿಷ್ಟು ಕರಿ ಉಣ್ಣೆ.

ಮಾವ ಎದ್ದು ಹೊಸ್ತಿಲಿಗೆ ಬಂದು ಗಕ್ಕನೆ ನಿಂತರು. ಕಾಲು ಹಿಡಿಯುವುದೋ ಓಡುವುದೋ ತಿಳಿಯದೆ ನಾನು ಕಂಬದ ಹಿಂದೆ ಸರಿದೆ. ಅವರು ಅಲ್ಲಿಂದಲೇ ಕಣ್ಣು ಕಿರಿದು ಮಾಡಿ ಹಗ್ಗದ ಮೇಲಿನ ಕಂಬಳಿಯನ್ನು ನೋಡಿದರು.

"ಇದು ನಮ್ಮ ದಂಡಿ ಅಲ್ಲೇನು ಶೈಲಾ? ಹಿನ್ನೀರ ಬರೂಕಿಂತ ಮದಲಿಂದು. ಅಕಾ ಅಲ್ಲಿ, ನಮ್ಮ ಕುರಿ." ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. "ಇರಲಿ ಬಿಡು, ಒರಸಬ್ಯಾಡ. ಬೀರಪ್ಪ ಇದರ ಮ್ಯಾಲೇ ಕುಂದರಲಿ. ಅವಗೂ ಆ ದಂಡಿ ನೋಡಿ ಭಾಳ ದಿನ ಆತು."

ನನಗೆ ಹೋದ ಜೀವ ಬಂದಂತಾಯಿತು. ಅಂಗಿಯ ಕಾಲರು ಸರಿಮಾಡಿಕೊಂಡು ಕಂಬದ ಹಿಂದಿನಿಂದ ಹೊರಗೆ ಬಂದೆ.

"ಭೇಷ್!" ಎಂದರು ಮಾವ. "ಯಾರ್ ತಗದಾರ ಇದನ್ನ? ಕೈ ಭಾಳ ಛಲೋ ಐತಿ."

ನಾನು ಬಾಯಿ ತೆರೆದೆ. ಶೈಲಾ ಬಿಡಬೇಕಲ್ಲ!

"ಕೈ ಎಲ್ಲೀದಪ್ಪಾ? ಅದನ್ನ ತಗದದ್ದು ನಿನ್ನ ಬೆನ್ನು."