ಗಾಡಿಮನೆಯ ಶಾಕಪ್ಸರು ಮತ್ತು ಅತ್ತೆಯ ಗಂಟು

ನಾಚಿಕೆ ಅನ್ನುವುದನ್ನು ತಕ್ಕಡಿಗೆ ಹಾಕಲು ಬರುತ್ತಿದ್ದರೆ ಸದ್ಯ ನನ್ನ ಪಾಲಿಗೆ ಮುನ್ನೂರ ಹತ್ತು ಕಿಲೋ ಇದೆ. ಬಾಯಿಮಾತಲ್ಲ, ಚೀಟಿಯೇ ಇದೆ. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ನೀರು ಕುಡಿಯಲು ಹೋದಾಗಲೆಲ್ಲ ನಾನು ಒಂದು ಸಲ ಓದಿಕೊಳ್ಳಬೇಕಂತೆ. (ನಿಜವಾದ ತೂಕ ಇನ್ನೂ ಎರಡು ಕಿಲೋ ಜಾಸ್ತಿ. ಆ ಎರಡು ಕಿಲೋ ಸಂಗತಿ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ.)

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ನಾನು ಪೇಟೆಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವು. ಹತ್ತು ಗ್ರಾಂ ಕಡಿಮೆ ಹಾಕಿದ ಅಂಗಡಿಯವನನ್ನು ನಿಲ್ಲಿಸಿಕೊಂಡು ಪ್ರಾಮಾಣಿಕತೆಯ ಮೇಲೆ ಅರ್ಧ ಗಂಟೆ ಉಪನ್ಯಾಸ ಕೊಟ್ಟವನು ನಾನು. ಇದನ್ನೆಲ್ಲ ಮೊದಲೇ ಯಾಕೆ ಹೇಳುತ್ತೇನೆಂದರೆ, ಮುಂದೆ ನೀವು ನಗುವಾಗ ಸರಿಯಾದ ಜಾಗದಲ್ಲಿ ನಗಬೇಕಲ್ಲ.

ನಿವೃತ್ತಿಯಾದ ಮೇಲೆ ನಾನೊಂದು ಹಳೆಯ ಮೋಟರ್‌ಹೋಮ್ ಕೊಂಡೆ. ಒಳಗೆ ಒಂದು ಒಲೆ, ಒಂದು ಸಿಂಕು, ಹಿಂದುಗಡೆ ಒಂದು ಮಂಚ, ಮಂಚದ ಕೆಳಗೆ ಒಂದು ದೊಡ್ಡ ಪೆಟ್ಟಿಗೆ. ನಮ್ಮ ಮನೆಯಲ್ಲಿ ಅದನ್ನು ಗಾಡಿಮನೆ ಅನ್ನುತ್ತೇವೆ. ಅದಕ್ಕೆ ಇಪ್ಪತ್ತೆರಡು ವರ್ಷ. ರಸ್ತೆಯಲ್ಲಿ ಸಣ್ಣದೊಂದು ಉಬ್ಬು ದಾಟಿದರೂ ಸಾಕು, ದಾಟಿದ ಮೇಲೆ ಅರ್ಧ ಫರ್ಲಾಂಗು ತನಕ ಹಿಂಭಾಗ ಕುಣಿಯುತ್ತಲೇ ಇರುತ್ತಿತ್ತು. ಕಪಾಟಿನ ತಟ್ಟೆಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದವು.

ಕುಣಿದರೆ ಕುಣಿಯಲಿ ಎಂದು ನಾನಂತೂ ಬಿಟ್ಟುಬಿಡುತ್ತಿದ್ದೆ. ಆದರೆ ನಮ್ಮ ಅತ್ತೆಯ ಅಕ್ಕ ಹಾಸಿಗೆ ಹಿಡಿದರು. ಅವರಿರುವುದು ಏಳು ಗಂಟೆ ದಾರಿಯ ಊರಿನಲ್ಲಿ. "ಒಂದು ಸಲ ಮುಖ ತೋರಿಸಿ ಹೋಗೇ," ಎಂದು ಫೋನಿನಲ್ಲಿ ತಂಗಿಗೆ ಹೇಳಿದರು. ಅತ್ತೆಗೋ ಬೆನ್ನಿನ ಆಪರೇಷನ್ ಆಗಿ ಮೂರು ತಿಂಗಳು; ಅಂದಿನಿಂದ ನಮ್ಮಲ್ಲೇ ಇದ್ದಾರೆ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೂರುವಂತಿಲ್ಲ. ಮಲಗಿಕೊಂಡು ಹೋಗಬಹುದು, ಆದರೆ ಕುಲುಕಾಟ ಕೂಡದು ಎಂದು ಡಾಕ್ಟರು ಹೇಳಿದ್ದರು. ಅಂದರೆ ನಮ್ಮ ಗಾಡಿಮನೆಯೇ ಗತಿ. ಅಕ್ಕನಿಗೆ ಕೊಡಬೇಕೆಂದು ಅತ್ತೆ ಮಲಗಿದಲ್ಲೇ ತುಂಡು ತುಂಡು ಬಟ್ಟೆ ಜೋಡಿಸಿ ಒಂದು ಹೊದಿಕೆ ಹೊಲಿದಿದ್ದರು. ಅದನ್ನು ತಮ್ಮ ಬಟ್ಟೆಬರೆಯ ಜೊತೆ ಗಂಟು ಕಟ್ಟಿ ಒಂದು ವಾರ ಮೊದಲೇ ಬಾಗಿಲ ಹತ್ತಿರ ಇಟ್ಟಿದ್ದರು.

ಮೂವರೂ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಗಾಡಿಯ ಕೆಳಗೆ ತೂರಿ, ಹೊರಬಂದು, ಕೈ ಒರೆಸಿಕೊಂಡ.

"ಹಿಂದಿನ ಎರಡೂ ಶಾಕಪ್ಸರು ಮುಗಿದಿದಾವೆ ಸಾರ್. ಎಣ್ಣೆ ಎಲ್ಲಾ ಸೋರಿಹೋಗಿದೆ. ಹೊಸದೇ ಹಾಕ್ಬೇಕು."

ಮೇಜಿನ ಮೇಲೆ ಮೂರು ಜಾತಿಯ ಶಾಕಪ್ಸರು, ಅಂದರೆ ಶಾಕ್ ಅಬ್ಸಾರ್ಬರುಗಳನ್ನು ಸಾಲಾಗಿ ಇಟ್ಟ. ಒಂದು ಸಾದಾ ಎಣ್ಣೆಯದು. ಇನ್ನೊಂದು ಗ್ಯಾಸು ತುಂಬಿದ್ದು. ಮೂರನೆಯದು ನನ್ನ ತೋಳಿನಷ್ಟು ದಪ್ಪ, ಮೈಗೆ ಕೆಂಪು ಬಣ್ಣ. ಭೀಮಸೇನನ ಗದೆಯ ಹಾಗಿತ್ತು. ನನ್ನ ಕಣ್ಣು ಅದರ ಮೇಲೆಯೇ ನೆಟ್ಟಿತು.

"ಸಾಮಾನು ತುಂಬಿದಾಗ ಹಿಂದಿನ ಭಾರ ಎಷ್ಟು ಬರುತ್ತೆ ಸಾರ್? ಅದನ್ನ ಹೇಳಿದ್ರೆ ಯಾವುದು ಅಂತ ನಾನು ಹೇಳ್ತೀನಿ. ಗೊತ್ತಿಲ್ಲಾಂದ್ರೆ ಮೂಲೇಲೇ ಲಾರಿ ತೂಗೋ ವೇಬ್ರಿಡ್ಜ್ ಇದೆ. ಐದು ನಿಮಿಷದ ಕೆಲಸ."

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಹಳೆಯ ಕಬ್ಬಿಣದ ಬಟ್ಟುಗಳನ್ನು ಇಲಾಖೆ ರದ್ದು ಮಾಡಿ ಹರಾಜು ಹಾಕಿದಾಗ ನಾನು ಕೊಂಡು ತಂದಿದ್ದೆ. ಬಟ್ಟು ಎಂದರೆ ತಕ್ಕಡಿಯ ತೂಕದ ಕಲ್ಲು. ಇಪ್ಪತ್ತು ಕಿಲೋದವು ಹದಿನಾಲ್ಕು, ಹತ್ತು ಕಿಲೋದವು ಮೂರು, ಜೊತೆಗೆ ಎರಡು ಕಿಲೋದ ಹಿತ್ತಾಳೆಯದು ಒಂದು. ಆ ಹಿತ್ತಾಳೆಯದು, ಕೆಲಸಕ್ಕೆ ಸೇರಿದ ದಿನ ನಾನು ಮೊಟ್ಟಮೊದಲು ಪರೀಕ್ಷೆ ಮಾಡಿ ಮುದ್ರೆ ಒತ್ತಿದ ಬಟ್ಟು. ಮನೆಯಲ್ಲಿ ಒಂದು ಬಟ್ಟು ಹೆಂಡತಿಯ ಕಾಲ್ಬೆರಳ ಮೇಲೆ ಬಿದ್ದದ್ದೇ ನೆಪ, "ಇವು ಇರಬೇಕು, ಇಲ್ಲಾ ನಾನಿರಬೇಕು," ಎಂದುಬಿಟ್ಟಳು. ಎಲ್ಲವನ್ನೂ ಗುಜರಿಗೆ ಕೊಟ್ಟೆನೆಂದು ಹೇಳಿದೆ. ಕೊಟ್ಟಿರಲಿಲ್ಲ. ಒಂದೊಂದಕ್ಕೂ ಎಣ್ಣೆ ಸವರಿ, ಬಟ್ಟೆ ಸುತ್ತಿ, ಗಾಡಿಮನೆಯ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದೆ. ಹಿತ್ತಾಳೆಯದನ್ನು ಮಾತ್ರ ಡ್ರೈವರ್ ಸೀಟಿನ ಕೆಳಗೆ, ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ.

ಹೀಗಿರುವಾಗ ವೇಬ್ರಿಡ್ಜಿಗೆ ಹೇಗೆ ಹೋಗಲಿ? ಸಾಲದ್ದಕ್ಕೆ ಆ ವೇಬ್ರಿಡ್ಜಿನ ಯಜಮಾನನನ್ನು ನಾನು ಸರ್ವಿಸಿನಲ್ಲಿದ್ದಾಗ ಮಟಮಟ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಒಂದೇ ಲಾರಿಯನ್ನು ಮೂರು ಸಲ ತೂಗಿಸಿದ್ದೆ.

"ತೂಗೋದೇನು ಬೇಕಾಗಿಲ್ಲ," ಎಂದೆ. "ಗಾಡಿಯ ತಗಡಿನ ಮೇಲೆ ಬರೆದಿದೆಯಲ್ಲ, ಅಷ್ಟೇ."

"ಅದು ಖಾಲಿ ತೂಕ ಸಾರ್. ಸರಿ, ಅಷ್ಟೇ ಅಂತೀರಾದ್ರೆ ಸಾದಾದ್ದು ಸಾಕು."

ಸಾದಾದ್ದು ಸಾಲದು ಎಂದು ನನ್ನ ಅಂತರಾತ್ಮಕ್ಕೆ ಗೊತ್ತು. "ಬೇಡ, ಆ ಕೆಂಪನೇದು ಹಾಕಿ," ಎಂದೆ.

"ಅಯ್ಯೋ, ಅದು ಲಾರಿಗೆ ಹಾಕೋದು ಸಾರ್! ಭಾರ ಹೊರೋದು ಸ್ಪ್ರಿಂಗು. ಶಾಕಪ್ಸರು ಕುಣಿತ ನಿಲ್ಸೋದಷ್ಟೆ. ಹಗುರ ಗಾಡಿಗೆ ಇಷ್ಟು ಗಟ್ಟಿದು ಹಾಕಿದ್ರೆ ರಸ್ತೇಲಿರೋ ಕಲ್ಲೆಲ್ಲಾ ಒಳಗೆ ಬಂದು ನಿಮ್ಮನ್ನ ಮಾತಾಡಿಸ್ತಾವೆ."

"ಅವ್ರು ಹೇಳೋದು ಕೇಳ್ರೀ," ಎಂದಳು ಹೆಂಡತಿ. ಅವಳು ಔಷಧಿ ಅಂಗಡಿಯವಳು; ಗುಳಿಗೆ ಎಣಿಸಿ ಎಣಿಸಿ ಅವಳಿಗೆ ಎಲ್ಲವೂ ಲೆಕ್ಕದಲ್ಲೇ ಇರಬೇಕು. "ಭಾರ ಇಲ್ಲ ಅಂತೀರಿ, ಭಾರಕ್ಕೆ ಹಾಕೋದು ಬೇಕು ಅಂತೀರಿ. ಏನ್ರೀ ನಿಮ್ಮ ಲೆಕ್ಕ?"

ಸಿಕ್ಕಿಬಿದ್ದೆ. ಆಗ ನನ್ನ ಬಾಯಿಂದ ಬಂದ ಮಾತನ್ನು ಈಗ ಬರೆಯಲೂ ಕೈ ಬರುತ್ತಿಲ್ಲ.

"ಅಲ್ವೇ, ಅತ್ತೆಯವರ ಗಂಟು ಇದೆಯಲ್ಲ. ಅದೇನು ಕಡಿಮೆ ಭಾರವೇ?"

ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಊರುಗೋಲು ಹಿಡಿದು ಕೂತಿದ್ದರು. ಮೆಕ್ಯಾನಿಕ್ ಒಂದು ಸಲ ಅವರನ್ನೂ ಒಂದು ಸಲ ನನ್ನನ್ನೂ ನೋಡಿ, ಕೆಂಪು ಗದೆಗಳನ್ನು ಎತ್ತಿಕೊಂಡು ಮತ್ತೆ ಗಾಡಿಯ ಕೆಳಗೆ ಹೋದ.

ಸಂಜೆ ನೋಡುತ್ತೇನೆ, ಬಾಗಿಲ ಹತ್ತಿರವಿದ್ದ ಗಂಟು ಅರ್ಧಕ್ಕರ್ಧ ಸಣ್ಣದಾಗಿತ್ತು. ಹೊದಿಕೆ ಕುರ್ಚಿಯ ಮೇಲೆ ಮಡಚಿ ಕೂತಿತ್ತು. "ಇರ್ಲಿ ಬಿಡಿ ಅಳಿಯಂದ್ರೇ," ಎಂದರು ಅತ್ತೆ. "ಅಕ್ಕನ ಮುಖ ನೋಡಿದ್ರೆ ಸಾಕು. ಗಾಡಿಗೆ ಭಾರ ಆಗೋದು ಬೇಡ." ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ನೆಲವೂ ಬಾಯಿಬಿಡಲಿಲ್ಲ, ನಾನೂ ಬಾಯಿಬಿಡಲಿಲ್ಲ.

ಮರುದಿನ ಬೆಳಿಗ್ಗೆ ಪರೀಕ್ಷೆಗೆಂದು ಊರೊಳಗೇ ಒಂದು ಸುತ್ತು ಹೊರಟೆವು. ಅತ್ತೆ ಮಂಚದ ಮೇಲೆ, ಹೆಂಡತಿ ಅವರ ಪಕ್ಕದಲ್ಲಿ, ನಾನು ಸಾರಥಿ. ಮೊದಲನೆಯ ಉಬ್ಬು ಬಂತು. ಕುಣಿತ ನಿಂತಿತ್ತು, ಸುಳ್ಳು ಹೇಳಬಾರದು. ಕುಣಿತದ ಬದಲು ಈಗ ಏಟು. ಬೆನ್ನಿಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಧಡ್ ಎಂದಿತು. ಕಪಾಟು ತೆರೆದುಕೊಂಡು ಆರು ತಟ್ಟೆಗಳೂ ಏಕಕಾಲಕ್ಕೆ ದೇಹತ್ಯಾಗ ಮಾಡಿದವು.

"ರೀ! ನಿಲ್ಸ್ರೀ! ಅಮ್ಮ!"

ನಿಲ್ಲಿಸಿ ಹಿಂದೆ ಓಡಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಸೊಂಟ ಹಿಡಿದುಕೊಂಡಿದ್ದರು. ಹಾಗೆಯೇ ಮೆಲ್ಲಗೆ ಹೇಳಿದರು: "ಬೇಡ ಕಣೇ. ಅಕ್ಕನಿಗೆ ಬರೋಕಾಗಲ್ಲ ಅಂತ ಫೋನ್ ಮಾಡ್ಬಿಡು. ಗಂಟು ಇಳಿಸಿದ್ರೂ ಹೀಗೇ ಆಗ್ತಿದೆ. ನಾನೇ ಭಾರ ಅನ್ಸುತ್ತೆ."

ಆಗಲಾದರೂ ನಾನು ಹೇಳಬೇಕಿತ್ತು. ನನ್ನ ನಾಲಿಗೆಗೆ ಇಲಾಖೆಯ ಮುದ್ರೆ ಬಿದ್ದ ಹಾಗಿತ್ತು. ಹೆಂಡತಿಯ ನಾಲಿಗೆಗೆ ಬಿದ್ದಿರಲಿಲ್ಲ.

"ನಲವತ್ತೈದು ಕಿಲೋ ಇರೋ ನಮ್ಮಮ್ಮ ಭಾರವಾ? ನಡೀರಿ ವೇಬ್ರಿಡ್ಜಿಗೆ. ಇವತ್ತು ಯಾರ ಭಾರ ಎಷ್ಟು ಅಂತ ನೋಡೇಬಿಡೋಣ."

"ಅಲ್ಲ ಕಣೇ, ಅಲ್ಲಿ ಈಗ ಲಾರಿಗಳ ಸಾಲು..."

"ನಡೀರಿ ಅಂದೆ."

ನಡೆದೆ. ವೇಬ್ರಿಡ್ಜಿನ ಯಜಮಾನ ನನ್ನನ್ನು ಕಂಡ ಕೂಡಲೇ ಕುರ್ಚಿಯಿಂದ ಎದ್ದುಬಿಟ್ಟ. "ಬನ್ನಿ ಸಾಹೇಬ್ರೇ, ಏನು ತಪಾಸಣೆನಾ?" ತೂಗಿಸಲು ಬಂದಿದ್ದೇನೆ ಎಂದೆ. ಅವನ ಮುಖದಲ್ಲಿ ನಿಧಾನವಾಗಿ ಬೆಳಕು ಹರಿಯಿತು. ಗಾಡಿ ಹತ್ತಿಸಿದೆ, ಚೀಟಿ ಬಂತು. ಹೆಂಡತಿ ಪರ್ಸಿನಿಂದ ಪಟ್ಟಿ ತೆಗೆದಳು. ಗಾಡಿಯ ಖಾಲಿ ತೂಕ, ನೀರು, ಡೀಸೆಲು, ನಾವು ಮೂವರು, ಒಡೆದ ತಟ್ಟೆಗಳ ಸಮೇತ ಎಲ್ಲ ಪಾತ್ರೆ, ಅರ್ಧವಾದ ಗಂಟು. ಎಲ್ಲ ಕೂಡಿಸಿ, ಚೀಟಿಯ ತೂಕದಿಂದ ಕಳೆದು, ಉಳಿದದ್ದನ್ನು ಚೀಟಿಯ ಮೇಲೇ ಬರೆದಳು.

"ಮುನ್ನೂರ ಹತ್ತು ಕಿಲೋ ಜಾಸ್ತಿ ಬರ್ತಿದೆ."

"ಯಂತ್ರ ತಪ್ಪಿರಬಹುದು," ಎಂದೆ ಕ್ಷೀಣ ಸ್ವರದಲ್ಲಿ.

"ತಪ್ಪೋದಾ?" ಯಜಮಾನ ಎದೆಯ ಮೇಲೆ ಕೈಯಿಟ್ಟುಕೊಂಡ. "ನೀವೇ ಮೂರು ಸಲ ತೂಗ್ಸಿ ಸರಿ ಮಾಡ್ಸಿದ್ದಲ್ವಾ ಸಾಹೇಬ್ರೇ? ಬೇಕಾದ್ರೆ ಇವತ್ತೂ ಮೂರು ಸಲ ತೂಗೋಣ. ಬಿಸಿಲೂ ಚೆನ್ನಾಗಿದೆ."

ಹೆಂಡತಿ ನನ್ನ ಮುಖ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕು. ತಾಯಿಯನ್ನು ಇಳಿಸಿ ಕುರ್ಚಿಯ ಮೇಲೆ ಕೂರಿಸಿದಳು, ಹಾಸಿಗೆ ಎತ್ತಿದಳು, ಪೆಟ್ಟಿಗೆಯ ಮುಚ್ಚಳ ತೆಗೆದಳು. ಬಟ್ಟೆ ಸುತ್ತಿಕೊಂಡ ಹದಿನೇಳು ಬಟ್ಟುಗಳು ಆಸ್ಪತ್ರೆಯ ಕೂಸುಗಳ ಹಾಗೆ ಸಾಲಾಗಿ ಮಲಗಿದ್ದವು.

"ಗುಜರಿಗೆ ಕೊಟ್ಟೆ ಅಂದ್ರಿ."

ನಾನು ಬಟ್ಟುಗಳನ್ನು ಎಣಿಸುವವನಂತೆ ಬಗ್ಗಿದೆ.

"ನಮ್ಮಮ್ಮನ ಗಂಟು ಭಾರ ಅಂದ್ರಿ."

ಆಮೇಲೆ ನಡೆದ ಮಂಗಳಾರತಿಯನ್ನು ಇಬ್ಬರು ಲಾರಿ ಡ್ರೈವರುಗಳು ಇಂಜಿನ್ನು ಆರಿಸಿ ಆಲಿಸಿದರು. ಯಜಮಾನ ಒಂದು ಬಟ್ಟನ್ನು ಎತ್ತಿ, ತಿರುಗಿಸಿ ನೋಡಿ, "ಈ ವರ್ಷದ ಮುದ್ರೆ ಬಿದ್ದಿಲ್ಲ ಸಾಹೇಬ್ರೇ," ಎಂದು ಬಹಳ ವಿನಯದಿಂದ ತಿಳಿಸಿದ. ಬಟ್ಟುಗಳನ್ನೆಲ್ಲ ಅವನಲ್ಲಿಯೇ ಇಳಿಸಿದೆ. ಒಂದೊಂದಾಗಿ, ನಾನೊಬ್ಬನೇ. ಇಳಿಸಿ ಮುಗಿದ ಮೇಲೆ ಹೆಂಡತಿ ಕೂಡಿಸಿದಳು: ಮುನ್ನೂರ ಹತ್ತು, ಸರಿಯಾಯಿತು. ಆ ಯಂತ್ರ ಐದು ಕಿಲೋಗಿಂತ ಸಣ್ಣ ತೂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೀಟಿನ ಕೆಳಗಿನ ಹಿತ್ತಾಳೆಯ ಬಟ್ಟು ಹಾಗೆ ಉಳಿದುಕೊಂಡಿತು. ಹೇಳೋಣ ಅಂದುಕೊಂಡೆ. ಹೇಳಲಿಲ್ಲ.

ಮೆಕ್ಯಾನಿಕ್ ಕೆಂಪು ಗದೆಗಳನ್ನು ಕಿತ್ತು, ಮೊದಲು ಹೇಳಿದ ಸಾದಾದ್ದನ್ನೇ ಹಾಕಿದ. ಭಾರ ಇಳಿದದ್ದೇ ಗಾಡಿಯ ಹಿಂಭಾಗ ನಾಲ್ಕು ಬೆರಳು ಮೇಲೆದ್ದಿತ್ತು. "ಪಾಪ, ಸ್ಪ್ರಿಂಗು ಉಸಿರು ಬಿಡ್ತಿದೆ," ಎಂದ. ಅದೇ ಉಬ್ಬನ್ನು ಮತ್ತೆ ದಾಟಿದೆವು. ಗಾಡಿ ಒಂದು ಸಲ ಮೆತ್ತಗೆ ಎದ್ದು ಕೂತಿತು, ಅಷ್ಟೇ. ಅತ್ತೆ ಮಲಗಿದಲ್ಲಿಂದಲೇ, "ಅಕ್ಕನಿಗೆ ಬರ್ತೀವಿ ಅಂತ ಹೇಳು," ಎಂದರು. ಮನೆಗೆ ಬಂದು, ಕುರ್ಚಿಯ ಮೇಲಿದ್ದ ಹೊದಿಕೆಯನ್ನು ನಾನೇ ತಂದು ಗಂಟಿಗೆ ಸೇರಿಸಿದೆ. ಹೆಂಡತಿ ನೋಡಿದಳು. ಎರಡು ದಿನದಿಂದ ನನ್ನೊಂದಿಗೆ ಅವಳ ಮಾತು ಎಡಕ್ಕೆ, ಬಲಕ್ಕೆ, ಊಟಕ್ಕೆ ಅನ್ನುವುದಷ್ಟೇ ಆಗಿತ್ತು.

ಮರುದಿನ ಮುಂಜಾನೆ ಹೊರಟೆವು. ಐದು ಗಂಟೆ ದಾರಿ ಸಾಗುವ ಹೊತ್ತಿಗೆ ಒಂದು ದೊಡ್ಡ ಏರು ಬಂತು. ಗೇರು ಬದಲಿಸಿದೆ. ನನ್ನ ಸೀಟಿನ ಕೆಳಗಿಂದ ಏನೋ ಜಾರಿತು. ಆಮೇಲೆ ಗಡಗಡ ಎಂದು ಹಿಂದಕ್ಕೆ ಉರುಳುತ್ತ ಹೋಯಿತು. ಅದು ಏನೆಂದು ತಿಳಿಯಲು ನಾನು ತಿರುಗಿ ನೋಡಬೇಕಿರಲಿಲ್ಲ.

"ಏನ್ರೀ ಅದು ಸದ್ದು?" ಪಕ್ಕದಲ್ಲಿ ತೂಕಡಿಸುತ್ತಿದ್ದ ಹೆಂಡತಿ ಕಣ್ಣು ಬಿಟ್ಟಳು.

ತಲೆಯ ಮೇಲಿನ ಕನ್ನಡಿಯಲ್ಲಿ ಅತ್ತೆ ಕಾಣುತ್ತಿದ್ದರು. ಮಲಗಿದಲ್ಲಿಂದಲೇ ಊರುಗೋಲು ಚಾಚಿ ಆ ಹಿತ್ತಾಳೆಯ ಬಟ್ಟನ್ನು ಮಂಚದ ಕಾಲಿಗೆ ಎಳೆದುಕೊಂಡರು. ಒಂದು ಕ್ಷಣ ಅದನ್ನು ನೋಡಿದರು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ನನ್ನ ಮಾತ್ರೆ ಡಬ್ಬಿ ಬಿತ್ತು ಕಣೇ," ಎಂದರು. "ನೀನು ಮಲಕ್ಕೋ."

ಉಳಿದ ಎರಡು ಗಂಟೆ ನಾನು ಕನ್ನಡಿ ನೋಡಲೇ ಇಲ್ಲ. (ಅದು ಸಂಚಾರ ನಿಯಮಕ್ಕೆ ವಿರುದ್ಧ, ಗೊತ್ತು.)

ಅಕ್ಕನ ಮನೆ ತಲುಪಿದೆವು. ಹೆಂಡತಿ ತಾಯಿಯ ಕೈಹಿಡಿದು ಇಳಿಸಿದಳು. ನಾನು ಗಂಟು ಎತ್ತಲು ಹೋದೆ. ಹೊದಿಕೆ ಸೇರಿಸಿದಾಗ ಇದ್ದದ್ದಕ್ಕಿಂತ ಸರಿಯಾಗಿ ಎರಡು ಕಿಲೋ ಜಾಸ್ತಿ ಇತ್ತು. ನನ್ನ ಕೈಗೆ ಅಷ್ಟು ತಿಳಿಯುತ್ತದೆ. ಅಲ್ಲೇ ನಿಂತುಬಿಟ್ಟೆ.

ಅತ್ತೆ ಬಾಗಿಲ ಹತ್ತಿರ ಹೋದವರು ತಿರುಗಿದರು. "ಜೋಪಾನ ಅಳಿಯಂದ್ರೇ. ನನ್ನ ಗಂಟು ಭಾರ ಅಂತ ನೀವೇ ಹೇಳಿದ್ರಲ್ಲ. ಅಷ್ಟು ದೊಡ್ಡ ಇನ್ಸ್‌ಪೆಕ್ಟರು, ನಿಮ್ಮ ಮಾತು ಸುಳ್ಳಾಗ್ಬಾರ್ದು."

ಮೂರು ದಿನಗಳ ಮೇಲೆ ಹೆಂಡತಿ ನನ್ನ ಮುಖ ನೋಡಿ ನಕ್ಕಳು. "ಒಂದು ಗಂಟು ಹೊರೋಕೆ ಇಷ್ಟು ಒದ್ದಾಡ್ತೀರಲ್ರೀ. ಅಷ್ಟೊಂದು ಭಾರವಾ?"

"ಹೌದು ಕಣೇ," ಎಂದೆ. "ತುಂಬಾ ಭಾರ." ಎರಡೂ ಕೈಯಲ್ಲಿ ಅಪ್ಪಿಕೊಂಡು ಅತ್ತೆಯ ಹಿಂದೆ ಒಳಗೆ ನಡೆದೆ.