ಕಾಕಾ ಬಾರಿಗೆ ಹೋದದ್ದು

ನಮ್ಮ ಕಾಕಾ ಈ ಜನ್ಮದಲ್ಲಿ ಕುಡಿದ ನೀರಿಗಿಂತ ಕಂಡವರ ಮನೆಯ ನೆಲಕ್ಕೆ ಚೆಲ್ಲಿದ ನೀರೇ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ! ಶಹಾಬಾದಿನಲ್ಲಿ ಫರಸಿ ಕಲ್ಲು ಹಾಸುವ ಗೌಂಡಿಯಾಗಿ ಮುಪ್ಪಾದವರು. ಯಾರ ಮನೆಗೇ ಹೋಗಲಿ, ಕೊಟ್ಟ ನೀರಿನಲ್ಲಿ ಒಂದಿಷ್ಟು ನೆಲಕ್ಕೆ ಸುರಿದು, ಅದು ಎತ್ತ ಹರಿಯುತ್ತದೆಂದು ಕುಕ್ಕರಗಾಲಲ್ಲಿ ಕೂತು ನೋಡಲೇಬೇಕು. ಇಳಿಜಾರು ತಪ್ಪಿದ್ದರೆ ಆ ಮನೆಯ ಚಹಾ ಕೂಡ ಅವರಿಗೆ ರುಚಿಸದು. ಹಿಂದಿನಿಂದ ಅರಿವೆ ಹಿಡಿದು ಒರೆಸುತ್ತ ಬರುವುದು ಕಾಕಿಯ ಕೆಲಸವಾಗಿತ್ತು. ಹೋದ ವರ್ಷ ಕಾಕಿ ತೀರಿಕೊಂಡ ಮೇಲೆ ಆ ಅರಿವೆ ನನ್ನ ಜೇಬಿಗೆ ಬಂದಿದೆ.

ನನಗೆ ಹೆಣ್ಣು ನೋಡಲು ಸೇಡಂಗೆ ಹೋದಾಗಲಾದರೂ ಸುಮ್ಮನಿದ್ದರೇ? ನಡುಮನೆಯಲ್ಲೇ ಸುರಿದುಬಿಟ್ಟರು! ಹೆಣ್ಣಿನ ತಂದೆ ಇದು ನಮ್ಮ ಕಡೆಯ ಶಾಸ್ತ್ರವೆಂದು ತಿಳಿದು, ಕೈಮುಗಿದು, ತಾವೂ ಒಂದು ತಂಬಿಗೆ ಸುರಿದರು.

“ನೀರು ಬಾಗಿಲ ಕಡಿ ಹೊಂಟದ. ಹುಡುಗಿ ನಮ್ಮ ಮನಿಗಿ ಬಂದಂಗೇ ತಿಳೀರಿ” ಎಂದರು ಕಾಕಾ. ಬಂದಳು ಕೂಡ.

ಸೋಡಾವನ್ನೂ ಮುಟ್ಟದ ಈ ಮನುಷ್ಯ ಮೊನ್ನೆ, “ನನ್ನ ಬಾರಿಗಿ ಕರಕೊಂಡು ನಡಿ” ಎಂದುಬಿಟ್ಟರು! ಊರಾಚೆಯ ಹಳೆಯ ಫರಸಿ ಪಾಲಿಶ್ ಕಾರ್ಖಾನೆಯನ್ನು ಯಾರೋ ಕಾಕ್‌ಟೇಲ್ ಬಾರ್ ಮಾಡಿದ್ದರು. ಅದರ ನೆಲ ಕಾಕಾ ಹರೆಯದಲ್ಲಿ ಹಾಸಿದ್ದು.

“ಅಲ್ಲಿ ನಂದೊಂದು ಫರಸಿ ಅದ. ಇಟ್ಟಾರೋ ಕಿತ್ತಾರೋ ನೋಡಬೇಕು. ಅದು ಹೋತಂದ್ರ ನಂದೇನೂ ಉಳೀಲಿಲ್ಲ ತಿಳಿ.”

ಒಳಗೆ ಪಾಲಿಶ್ ಯಂತ್ರಕ್ಕೆ ಮದುವಣಗಿತ್ತಿಯ ಹಾಗೆ ದೀಪದ ಸರ ಹಾಕಿ ನಿಲ್ಲಿಸಿದ್ದರು. ನಾನು ಪಟ್ಟಿಯಲ್ಲಿ ಯಾವುದಕ್ಕೋ ಬೆರಳಿಟ್ಟೆ. ಸುಟ್ಟ ದಾಲ್ಚಿನ್ನಿ ಚಕ್ಕೆಯಿಂದ ಹೊಗೆಯಾಡುವ ಗ್ಲಾಸು ಬಂತು.

“ಒಲಿ ಆರಸದೇ ತಂದಾರಲ್ಲೋ!” ಎಂದವರೇ ಕಾಕಾ ಚಕ್ಕೆ ತೆಗೆದಿಟ್ಟು ಅಷ್ಟನ್ನೂ ನೆಲಕ್ಕೆ ಸುರಿದರು.

ಕಾಕ್‌ಟೇಲ್ ಮೇಜುಗಳ ಕೆಳಗೆ ಹರಿಯಿತು. ಅದರ ಹಿಂದೆ ಕುಕ್ಕರಗಾಲಲ್ಲಿ ಕಾಕಾ, ಕಾಕಾನ ಹಿಂದೆ ಅರಿವೆ ಹಿಡಿದ ನಾನು, ನನ್ನ ಹಿಂದೆ “ಏನ್ ಮಾಡ್ಲಿಕತ್ತೀರಿ?” ಎನ್ನುತ್ತ ಮ್ಯಾನೇಜರು! ಕೂತವರೆಲ್ಲ ಕಾಲೆತ್ತಿ ನಮಗೆ ದಾರಿ ಬಿಟ್ಟರು. ಕೊನೆಗೆ ಅದು ಕಂಬದ ಬುಡದ ಒಂದು ಫರಸಿಯ ಮೇಲೆ ನಿಂತುಬಿಟ್ಟಿತು.

“ಅದೊಂದು ಫರಸಿ ತಗ್ಗು ಅದರಿ ಅಜ್ಜಾ. ನಾಳಿಗಿ ಕಿತ್ತಿ ಬ್ಯಾರೆ ಹಾಕಸ್ತೀವಿ” ಎಂದ ಮ್ಯಾನೇಜರು.

ಕಾಕಾ ಆ ಕಲ್ಲಿನ ಮೇಲೆ ಅಂಗೈ ಊರಿದರು.

“ಬ್ಯಾಡ್ರಿ ಸಾಹೇಬ್ರ. ಜನ್ಮದಾಗ ನಾ ತಪ್ಪಿ ಹಾಕಿದ್ದು ಇದೊಂದೇ. ಅವತ್ತ ಇವನ ಕಾಕಿ ಮೊದಲನೇ ಸಲ ಸಿಮೆಂಟಿನ ಪುಟ್ಟಿ ಹೊತ್ಕೊಂಡು ಕೆಲಸಕ್ಕ ಬಂದಿದ್ಲು. ನಾ ಫರಸಿ ನೋಡ್ಲೇ ಇಲ್ಲ.”

ಮ್ಯಾನೇಜರು ತಾನೂ ಕುಕ್ಕರಗಾಲಲ್ಲಿ ಕೂತು ಆ ಕಲ್ಲು ನೋಡಿದ. ಆಮೇಲೆ, “ಇರ್ಲಿ ಬಿಡ್ರಿ ಅಜ್ಜಾ, ಕೀಳಂಗಿಲ್ಲ” ಎಂದ.

ನನ್ನ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು ಅರಿವೆ ಹಿಡಿದು ಬಗ್ಗಿದೆ. ಕಾಕಾ ನನ್ನ ಮುಂಗೈ ಹಿಡಿದರು.

“ಒರಸಬ್ಯಾಡ. ಆರೋತನಕ ಕುಂದ್ರೋಣು.”