ದಿವಾನರಿಗೆ ಕೊಟ್ಟ ಪೂರ್ಣಾಧಿಕಾರ

ಆ ಭಾನುವಾರ ಹಲ್ಲುಜ್ಜುತ್ತಲೇ ಘೋಷಿಸಿಬಿಟ್ಟೆ: "ಸಂಜೆಯೊಳಗೆ ನಮ್ಮ ಕಂಪ್ಯೂಟರನ್ನ ಫಳಫಳ ಅನ್ನಿಸದಿದ್ರೆ ನನ್ನ ಹೆಸರು ಬದಲಾಯಿಸ್ತೀನಿ!"

ಹೊಲಿಗೆ ಯಂತ್ರದ ಮುಂದಿದ್ದ ನನ್ನವಳು ತಲೆ ಎತ್ತಲಿಲ್ಲ. "ಹೆಸರು ಆಮೇಲೆ ಬದಲಾಯಿಸಿ. ಮೊದಲು ಬಾಯಿ ತೊಳ್ಕೊಂಡು ಬನ್ನಿ."

ಅವಳ ಅಸಡ್ಡೆಗೆ ಕಾರಣವಿತ್ತು. ನನ್ನವಳು ದರ್ಜಿ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ದಿನಪತ್ರಿಕೆಯಲ್ಲಿ ಅಳತೆಗೆ ತಕ್ಕಂತೆ ಪೇಪರ್ ಕಟಿಂಗ್ ಮಾಡಿಟ್ಟುಕೊಳ್ಳುತ್ತಾಳೆ. ಮೂರು ವರ್ಷದ ಹಿಂದೆ, ಇಂಥದೇ ಒಂದು ಸ್ವಚ್ಛತಾ ಸಮರದಲ್ಲಿ, ನಾನು ಅವನ್ನೆಲ್ಲ ಕಟ್ಟು ಕಟ್ಟಿ ರದ್ದಿಯವನಿಗೆ ಕೊಟ್ಟಿದ್ದೆ! ಆಮೇಲೆ ಅವಳು ಒಂದೊಂದನ್ನೇ ಮತ್ತೆ ಕತ್ತರಿಸಿ, ಅಳತೆ ಬರೆದು, ಫೋಟೋ ತೆಗೆದು ಕಂಪ್ಯೂಟರಿಗೆ ಸೇರಿಸಿದ್ದಳು. ಶುಕ್ರವಾರಕ್ಕೆ ಒಂದು ಗಾಯನ ತಂಡದ ನಲವತ್ತು ಜನರ ಉಡುಪು ಕೊಡಬೇಕಿತ್ತು. ಅವರ ಅಳತೆಯೂ ಅಲ್ಲೇ ಇತ್ತು.

"ಈ ಸಲ ಕೆಲಸ ಮಾಡೋನು ನಾನಲ್ಲ ಕಣೇ, ಎಐ ಸಹಾಯಕ!" ಎಂದೆ. ಅದಕ್ಕೆ 'ದಿವಾನರು' ಎಂದು ನಾಮಕರಣ ಮಾಡಿದೆ. ಮಹಾರಾಜ ಯಾರೆಂದು ಬಿಡಿಸಿ ಹೇಳಬೇಕಿಲ್ಲವಷ್ಟೆ!

"ಏನಾದ್ರೂ ಮಾಡಿಸಿ. ಅಳಿಸೋ ಕೆಲಸ ಮಾತ್ರ ಅದರ ಕೈಗೆ ಪೂರ್ತಿ ಬಿಟ್ಟುಬಿಡಬೇಡಿ" ಎಂದಳು.

ದಿವಾನರು ಬಲು ವಿನಯವಂತರು. "ಈ ಮಸುಕಾದ ಫೋಟೋ ಶಾಶ್ವತವಾಗಿ ಅಳಿಸಲೇ?" ಹೂಂ. "ಇದನ್ನು?" ಹೂಂ. "ನಿಮ್ಮ ಹೆಬ್ಬೆರಳಿನ ಈ ಹದಿನೇಳನೆಯ ಫೋಟೋ?" ಹೂಂ ಮಾರಾಯಾ! ಐವತ್ತನೆಯ ಹೂಂ ಹೊತ್ತಿಗೆ ತಾಳ್ಮೆ ಕೈಕೊಟ್ಟಿತು. ಮಹಾರಾಜನಾದವನು ಹೂಂಗುಟ್ಟುತ್ತ ಕೂರುವುದೇ? ಪರದೆಯ ಮೂಲೆಯಲ್ಲಿ 'ಇನ್ನು ಕೇಳಬೇಡ, ಅಳಿಸು' ಎಂಬ ಗುಂಡಿಯಿತ್ತು. ಒತ್ತಿದೆ. ಪೂರ್ಣಾಧಿಕಾರ ದಯಪಾಲಿಸಿ, ಕಾಲು ಚಾಚಿ ಒಂದು ನಿದ್ದೆ ತೆಗೆದೆ.

ಎದ್ದು ನೋಡಿದರೆ ದಿವಾನರ ವರದಿ ಸಿದ್ಧ: "ಹಳೆಯ ದಿನಪತ್ರಿಕೆಯ ಚೂರುಗಳ ಚಿತ್ರ, ೧೧೪೦. ಅನುಪಯುಕ್ತ. ತೆಗೆದಾಯಿತು."

ಫೋಲ್ಡರ್ ತೆರೆದೆ. ಖಾಲಿ! 'ವಾಪಸ್ ತಾ' ಎಂದು ಟೈಪಿಸಿದರೆ, "ಶಾಶ್ವತವಾಗಿ ಅಳಿಸಲು ತಾವೇ ಅಪ್ಪಣೆ ಕೊಟ್ಟಿದ್ದೀರಿ" ಎಂದಿತು. ಹಿಂದಿನ ಸಲ ರದ್ದಿಯವನ ಗಾಡಿಯ ಹಿಂದೆ ಬನಿಯನ್ನಿನಲ್ಲೇ ಓಡಿದ್ದೆ. ಈಗ ಓಡೋಣವೆಂದರೆ ಗಾಡಿಯೂ ಇಲ್ಲ!

ಅವಳತ್ತ ನೋಡಿದೆ. ಕತ್ತು ಬಗ್ಗಿಸಿ ಹೊಲಿಯುತ್ತಿದ್ದಳು. ಅವಳು ಮೂರು ವರ್ಷ ಬೆನ್ನು ಬಗ್ಗಿಸಿ ಮಾಡಿದ ಕೆಲಸವನ್ನು ನಾನು ಒಂದು ನಿದ್ದೆಯಲ್ಲಿ ಒರೆಸಿಹಾಕಿದ್ದೆ. ನಿಜಕ್ಕೂ ಅಳು ಬಂತು.

"ಏನೇ... ನಿನ್ನ ಪೇಪರ್ ಕಟಿಂಗ್ ಫೋಟೋಗಳು..."

"ಹೋದ್ವಾ?"

"ಒಂದೂ ಉಳಿದಿಲ್ಲ ಕಣೇ. ಬೈದುಬಿಡು ನನ್ನ!"

"ಬೈಯೋಕೆ ಪುರುಸೊತ್ತಿಲ್ಲ. ಆ ಫೋನ್ ಕೊಡಿ ಇಲ್ಲಿ. ಬೆಳಗ್ಗಿಂದ ಒಂದೇ ಸಮ ಬಡ್ಕೋತಿದೆ."

ಫೋನಿನಲ್ಲಿ ಹೀಗಿತ್ತು: 'ಅಳಿಸಲು ಯಜಮಾನಿಯ ಒಪ್ಪಿಗೆಗೆ ಕಾಯುತ್ತಿದೆ: ದಿನಪತ್ರಿಕೆಯ ಚೂರುಗಳು, ೧೧೪೦.' ಅವಳು ಕತ್ತರಿ ಹಿಡಿದ ಕೈಯಲ್ಲೇ 'ಬೇಡ' ಎಂದು ಒತ್ತಿದಳು. ಫೋಟೋಗಳೆಲ್ಲ ಫೋಲ್ಡರಿಗೆ ಮರಳಿದವು!

"ಅದು ಹೇಗೆ? ನಾನು ಪೂರ್ಣಾಧಿಕಾರ ಕೊಟ್ಟಿದ್ನಲ್ಲ!"

"ರದ್ದಿ ಪ್ರಕರಣ ಆದ ವಾರವೇ ನಿಮ್ಮ ಲಾಗಿನ್‌ನಿಂದ ಅಳಿಸೋ ಅಧಿಕಾರ ಕಿತ್ತುಹಾಕಿದ್ದೆ ರೀ. ನೀವು ಅಳಿಸಿದ್ದೆಲ್ಲ ನಾನು ಹೂಂ ಅನ್ನೋವರೆಗೂ ಒಂದು ಕಡೆ ಬಿದ್ದಿರುತ್ತೆ, ಅಷ್ಟೆ. ನಿಮ್ಮ ಹತ್ರವೇ ಇಲ್ಲದ್ದನ್ನ ಅದಕ್ಕೆ ಎಲ್ಲಿಂದ ಕೊಡ್ತೀರಿ?"

ಮೂರು ವರ್ಷದಿಂದ ನನ್ನ ಸಿಂಹಾಸನ ಹೋಗಿತ್ತು. ಮಹಾರಾಜರಿಗೇ ಸುದ್ದಿಯಿರಲಿಲ್ಲ!

ಸಂಜೆ ಅವಳು ಮಸುಕಾದ ಫೋಟೋಗಳನ್ನು ಅಳಿಸುವ ಅನುಮತಿಯನ್ನು ದಿವಾನರಿಗೆ ಕೊಟ್ಟಳು.

"ಮತ್ತೆ ನನಗೆ?" ಎಂದೆ ಆಸೆಯಿಂದ.

"ನಿಮಗೆ ಬೇಡ."

"ಅದೂ ನಾನೂ ಮಾಡಿದ್ದು ಒಂದೇ ತಪ್ಪಲ್ವೇನೇ?"

"ಅದು ಐವತ್ತು ಸಲ ಕೇಳ್ತು. ರದ್ದಿಯವನನ್ನ ಕರೆಯೋ ಮೊದಲು ನೀವು ಒಂದು ಸಲ ಕೇಳಿದ್ರಾ?"